ಕಾಲಾಂತರದ ಮಲ್ಲರು: ಮುಷ್ಟಿಯುದ್ಧದ ಹಿರಿಮೆಯನ್ನು ಅಳೆಯುವ ಬಗೆ



ವಚನಸಾಹಿತ್ಯವನ್ನಾಗಲಿ ಚಾಲುಕ್ಯರ ಶಿಲ್ಪವನ್ನಾಗಲಿ ಕುರಿತು ಮಾತನಾಡಬಹುದಾಗಿದ್ದ ಕಮತಗಿಯ ಈ ವೇದಿಕೆಯಿಂದ ಅಮೆರಿಕೆಯ ಮುಷ್ಟಿಮಲ್ಲರ ತಾರತಮ್ಯವನ್ನು ವಿಚಾರಿಸಹೊರಟ ನನ್ನ ಸಾಹಸವನ್ನು ಕೆಲವರು ವಿನೋದವೆಂದೂ ಕೆಲವರು ಅನೌಚಿತ್ಯವೆಂದೂ ಭಾವಿಸಿರಬಹುದು. ಆದರೆ ಬೇರೆ ಬೇರೆ ಕಾಲಗಳಲ್ಲಿ ಬಾಳಿದ ಇಬ್ಬರು ಬಲಶಾಲಿಗಳೊಳಗೆ ಹಿರಿಯನಾರು ಎಂಬ ಪ್ರಶ್ನೆ ನ್ಯೂಯಾರ್ಕಿನ ಪತ್ರಿಕಾಲಯಗಳಲ್ಲಿ ಹುಟ್ಟಿದುದಲ್ಲ. ಈ ಸೀಮೆಯ ಯಾವ ಜಾತ್ರೆಗಾದರೂ ಹೋಗಿರಿ. ಜಂಗೀ ಕುಸ್ತಿಗಳು ಮುಗಿದು, ಹಲಗಿಯ ಸದ್ದಡಗಿ, ಕಣದ ಕೆಮ್ಮಣ್ಣಿನ ಮೇಲೆ ಹುಡುಗರು ಹೊರಳಾಡತೊಡಗಿದ ಮೇಲೆ, ಕಟ್ಟೆಯ ಮೇಲೆ ಕುಳಿತ ಮುದಿ ವಸ್ತಾದರು ಎತ್ತುವ ಮಾತು ಇದೇ ಆಗಿರುತ್ತದೆ: ಇಂದು ಬೆಳ್ಳಿಯ ಕಡಗವನ್ನು ಗೆದ್ದುಕೊಂಡ ಈ ಪೈಲ್ವಾನನು ನಮ್ಮ ಕಾಲದ ಇಂಥವನ ಎದುರು ಎಷ್ಟು ಹೊತ್ತು ನಿಲ್ಲುತ್ತಿದ್ದನು? ಉತ್ತರವೂ ಸಾಮಾನ್ಯವಾಗಿ ಒಂದೇ. ಹಳಬನೇ ಗೆಲ್ಲುತ್ತಾನೆ, ಏಕೆಂದರೆ ಅವನ ಪರವಾಗಿ ವಾದಿಸುವವರು ಅಲ್ಲಿ ಕುಳಿತಿದ್ದಾರೆ. ಅವನ ಕೈಯಲ್ಲಿ ಸೋತವರು ಯಾರೂ ಉಳಿದಿಲ್ಲ.

ಅದೇ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲನ್ನು ಎತ್ತುವ ಪಂದ್ಯವೂ ನಡೆಯುತ್ತದೆಯಷ್ಟೆ. ಆ ವಿಷಯದಲ್ಲಿ ಜಗಳಕ್ಕೆ ಅವಕಾಶ ಕಡಿಮೆ. ಅಜ್ಜನು ಎತ್ತಿದ ಕಲ್ಲೇ ಮೊಮ್ಮಗನ ಮುಂದೆಯೂ ಬಿದ್ದಿದೆ. ಅದರ ಭಾರ ಕುಂದಿಲ್ಲ, ಹೆಚ್ಚಿಲ್ಲ. ಎತ್ತಿದನೋ ಇಲ್ಲವೋ ಎಂಬುದಷ್ಟೆ ವಿಚಾರ. ಓಟವನ್ನು ಗಡಿಯಾರವೂ ಜಿಗಿತವನ್ನು ಅಳತೆಪಟ್ಟಿಯೂ ನಿರ್ಣಯಿಸುವ ಹಾಗೆ, ಬಲದ ಈ ಪರೀಕ್ಷೆಯನ್ನು ಕಲ್ಲೇ ನಿರ್ಣಯಿಸುತ್ತದೆ. ಕುಸ್ತಿಗೂ ಮುಷ್ಟಿಯುದ್ಧಕ್ಕೂ ಆ ಸೌಭಾಗ್ಯವಿಲ್ಲ. ಅಲ್ಲಿ ಅಳತೆಗೋಲಾಗಿ ನಿಲ್ಲುವವನು ಇನ್ನೊಬ್ಬ ಮನುಷ್ಯ. ಆ ಮನುಷ್ಯನೂ ತನ್ನ ಕಾಲದೊಂದಿಗೆ ಮಣ್ಣಾಗಿ ಹೋಗಿರುತ್ತಾನೆ. ಆದುದರಿಂದ, ಗತಿಸಿದ ಮಲ್ಲನ ಹಿರಿಮೆಯನ್ನು ಅಳೆಯಬೇಕಾದರೆ ಅವನ ಎದುರಾಳಿಗಳನ್ನು ಮೊದಲು ಅಳೆಯಬೇಕು: ಯಾರನ್ನು ಹುಡುಕಿಕೊಂಡು ಹೋದನು, ಯಾರನ್ನು ತಪ್ಪಿಸಿಕೊಂಡನು, ಯಾರಿಗೆ ಸೋತು ಮತ್ತೆ ಯಾರನ್ನು ಗೆದ್ದನು. ಇಂದಿನ ನನ್ನ ಮಾತಿನ ತಿರುಳು ಇಷ್ಟೇ.

ಕಾಲಾಂತರದ ಹೋಲಿಕೆ ನಮ್ಮ ಈ ನೆಲಕ್ಕೆ ಹಳೆಯ ಅಭ್ಯಾಸ. ಇಲ್ಲಿಂದ ಅಮೀನಗಡದ ದಾರಿಯನ್ನು ಹಿಡಿದರೆ ದೊರೆಯುವ ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ, ಕ್ರಿ. ಶ. 634ರ ಸುಮಾರಿನಲ್ಲಿ, ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿಯು ತನ್ನ ಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಗೆ ಸಮನೆಂದು ಸಂಕೋಚವಿಲ್ಲದೆ ಕೆತ್ತಿಸಿದನು. ಆ ಪ್ರಭುವನ್ನು ಗೆದ್ದು ವಾತಾಪಿಯನ್ನು ಹಿಡಿದ ಪಲ್ಲವ ನರಸಿಂಹವರ್ಮನು ಮಹಾಮಲ್ಲನೆಂಬ ಬಿರುದನ್ನು ಧರಿಸಿದ್ದವನು. ಅವನ ಶಾಸನವೂ ಬಾದಾಮಿಯ ಬಂಡೆಯ ಮೇಲೆಯೇ ಇದೆ. ಆದರೆ ಹೋಲಿಕೆಯ ವಿದ್ಯೆಯನ್ನು ಪರಾಕಾಷ್ಠೆಗೆ ಒಯ್ದವನು ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ. ಸಾಹಸಭೀಮವಿಜಯವೆಂಬ ಗದಾಯುದ್ಧದಲ್ಲಿ ಅವನು ತನ್ನ ಆಶ್ರಯದಾತನಾದ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮಸೇನನೊಡನೆ ಒಂದುಮಾಡಿ, ದ್ವಾಪರದ ವೀರನನ್ನೂ ಹತ್ತನೆಯ ಶತಮಾನದ ದೊರೆಯನ್ನೂ ಒಂದೇ ಪೀಠದ ಮೇಲೆ ಕುಳ್ಳಿರಿಸಿದನು. ಇತಿಹಾಸಕಾರನು ಇದಕ್ಕೆ ಒಪ್ಪದೆ ಇರಬಹುದು, ಇರಿವಬೆಡಂಗನಿಗಂತೂ ಆಕ್ಷೇಪವಿದ್ದಿರಲಾರದು.

ರನ್ನನಿಗೆ ವಸ್ತುವನ್ನು ಕೊಟ್ಟ ಆ ಕಾಳಗವಾದರೂ ನಮ್ಮ ಪ್ರಶ್ನೆಯನ್ನು ಗರ್ಭೀಕರಿಸಿಕೊಂಡಿದೆ. ವ್ಯಾಸಭಾರತದ ಶಲ್ಯಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಹೇಳುವ ಅಭಿಪ್ರಾಯ ಪ್ರಸಿದ್ಧವಾದುದು: ಬಲದಲ್ಲಿ ಭೀಮನು ಮೇಲು, ಅಭ್ಯಾಸದಲ್ಲಿಯೂ ಕೌಶಲದಲ್ಲಿಯೂ ದುರ್ಯೋಧನನು ಮೇಲು, ಧರ್ಮಯುದ್ಧವಾದರೆ ಭೀಮನು ಗೆಲ್ಲಲಾರನು. ದುರ್ಯೋಧನನು ಹದಿಮೂರು ವರ್ಷ ಭೀಮನ ಲೋಹದ ಪ್ರತಿಮೆಯ ಮೇಲೆ ಗದೆಯನ್ನು ಸಾಧಿಸಿದವನು, ಅಂದರೆ ಇಂದಿನ ಮಾತಿನಲ್ಲಿ ಹೇಳುವುದಾದರೆ ಒಬ್ಬನೇ ಎದುರಾಳಿಯನ್ನು ಕಣ್ಣ ಮುಂದಿಟ್ಟುಕೊಂಡು ತಾಲೀಮು ಮಾಡಿದವನು. ಕಡೆಗೆ ಗದೆ ಬಿದ್ದುದು ತೊಡೆಯ ಮೇಲೆ. ನಾಭಿಯಿಂದ ಕೆಳಗೆ ಹೊಡೆಯಬಾರದೆಂಬ ಗದಾಯುದ್ಧದ ನಿಯಮ ಭಗ್ನವಾಯಿತೆಂದು, ಇಬ್ಬರಿಗೂ ಗುರುವಾದ ಬಲರಾಮನು ನೇಗಿಲನ್ನೆತ್ತಿಕೊಂಡು ಭೀಮನ ಮೇಲೆ ಏರಿಹೋದನು. ಗೆಲವು ಯಾರದೆಂಬುದರಲ್ಲಿ ಸಂದೇಹವಿಲ್ಲ. ಶ್ರೇಷ್ಠ ಗದಾಯೋಧನು ಯಾರೆಂಬುದು ಮಾತ್ರ ಇಂದಿಗೂ ಇತ್ಯರ್ಥವಾಗಿಲ್ಲ. ಗೆಲವು ಬೇರೆ, ಹಿರಿಮೆ ಬೇರೆ. ನಡುವೆ ನಿಯಮವೆಂಬುದು ನಿಂತಿರುತ್ತದೆ.

ಮುಷ್ಟಿಯ ಕಾಳಗವೂ ಕನ್ನಡನಾಡಿಗೆ ಪರಕೀಯವಲ್ಲ. ಕಲ್ಯಾಣದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿರಿಸಿ, ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲರೆಂದು ತರಗತಿಗಳಾಗಿ ವಿಂಗಡಿಸಿದನು. ಸರಿಸಮಾನರಿಗೇ ಜೋಡಿ ಕಟ್ಟಬೇಕೆಂಬ ವಿವೇಕ ಆಗಲೇ ಇದ್ದಿತು. 1520ರ ಸುಮಾರಿಗೆ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು, ಅಲ್ಲಿಯ ಮಲ್ಲರು ಹೊಡೆದಾಡುತ್ತಿದ್ದುದನ್ನೂ, ಹಲ್ಲು ಮುರಿದು ಕಣ್ಣು ಹೋಗಿ ಮುಖ ವಿಕಾರಗೊಳ್ಳುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಆ ಪರಂಪರೆಯೇ ಮೈಸೂರಿನ ದಸರೆಯ ವಜ್ರಮುಷ್ಟಿ ಕಾಳಗವಾಗಿ ಉಳಿದುಕೊಂಡು ಬಂದಿದೆ. ವಿಜಯದಶಮಿಯಂದು ಅರಮನೆಯಲ್ಲಿ, ತಲೆ ಬೋಳಿಸಿಕೊಂಡ ಜೆಟ್ಟಿಗಳು ಎದುರುಬದುರು ನಿಂತು, ಮೊದಲ ರಕ್ತಬಿಂದು ಕಾಣಿಸಿದೊಡನೆ ಕಾಳಗವನ್ನು ಮುಗಿಸುತ್ತಾರೆ. ಪಾಯೆಸನು ಕಂಡ ಮಲ್ಲನನ್ನೂ ಇಂದಿನ ಜೆಟ್ಟಿಯನ್ನೂ ಹೋಲಿಸಿ ಯಾರು ಹೆಚ್ಚು ಧೀರರೆಂದು ಕೇಳುವುದು ಅವಿಚಾರ. ಒಬ್ಬನಿಗೆ ಕಣ್ಣು ಹೋಗುವವರೆಗೆ ಕಾದಾಟ, ಮತ್ತೊಬ್ಬನಿಗೆ ಒಂದು ಹನಿಯವರೆಗೆ.

ಐರೋಪ್ಯ ಮುಷ್ಟಿಯುದ್ಧದ ಚರಿತ್ರೆಯೂ ಹೀಗೆಯೇ ನಿಯಮಗಳು ಬದಲಾದ ಚರಿತ್ರೆ. 1743ರಲ್ಲಿ ಲಂಡನ್ನಿನ ಜ್ಯಾಕ್ ಬ್ರೌಟನ್ನನು ಬರೆದ ಕಟ್ಟಳೆಗಳಲ್ಲಿ, ಬಿದ್ದವನನ್ನು ಹೊಡೆಯಕೂಡದು, ಸೊಂಟದಿಂದ ಕೆಳಗೆ ಹಿಡಿಯಕೂಡದು ಎಂಬ ವಿಧಿಯಿತ್ತು. ಬಲರಾಮನು ಇದ್ದಿದ್ದರೆ ಸಂತೋಷಪಡುತ್ತಿದ್ದನು. 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬರಿ ನಿಯಮಗಳು ಕೈಗವಸನ್ನೂ ಮೂರು ನಿಮಿಷದ ಸುತ್ತನ್ನೂ ಹತ್ತು ಎಣಿಸುವ ಪದ್ಧತಿಯನ್ನೂ ತಂದವು. ಜಾನ್ ಎಲ್. ಸಲಿವನ್ನನು 1889ರಲ್ಲಿ ಬರಿಗೈಯಿಂದ ಕಿಲ್ರೇನನೊಡನೆ ಬಿಸಿಲಲ್ಲಿ 75 ಸುತ್ತು ಕಾದಿ ಗೆದ್ದನು. ಮೂರೇ ವರ್ಷ ಕಳೆಯುವಷ್ಟರಲ್ಲಿ ಕೈಗವಸು ತೊಟ್ಟು ಕಾರ್ಬೆಟ್ಟನೆದುರು 21ನೆಯ ಸುತ್ತಿನಲ್ಲಿ ಕೆಳಗೆ ಬಿದ್ದನು. ಯುಗವೊಂದು ಸಲಿವನ್ನನನ್ನು ಗೆಲ್ಲಿಸಿತು, ಮತ್ತೊಂದು ಸೋಲಿಸಿತು. ಎರಡೂ ಯುಗಗಳು ಅವನ ಒಂದೇ ಆಯುಷ್ಯದೊಳಗೆ ಬಂದುಹೋದವು.

ಇನ್ನೂ ಸೂಕ್ಷ್ಮವಾದ ಪ್ರಸಂಗವೊಂದುಂಟು. 1927ರಲ್ಲಿ ಷಿಕಾಗೊ ನಗರದಲ್ಲಿ ಜ್ಯಾಕ್ ಡೆಂಪ್ಸಿಯು ಏಳನೆಯ ಸುತ್ತಿನಲ್ಲಿ ಜೀನ್ ಟನಿಯನ್ನು ಕೆಡವಿದನು. ಕೆಡವಿದವನು ದೂರದ ಮೂಲೆಗೆ ಹೋಗಿ ನಿಲ್ಲುವ ತನಕ ಎಣಿಕೆಯನ್ನು ಆರಂಭಿಸಬಾರದೆಂಬ ನಿಯಮ ಆಗ ಹೊಸದು. ಡೆಂಪ್ಸಿಯಾದರೋ ಬಿದ್ದವನ ತಲೆಯ ಮೇಲೆಯೇ ನಿಂತು ಅವನು ಏಳುತ್ತಲೇ ಹೊಡೆಯುವ ಹಳೆಯ ರೂಢಿಯಲ್ಲಿ ಬೆಳೆದವನು. ಮೂಲೆಗೆ ಹೋಗಲು ತಡಮಾಡಿದನು. ಟನಿಗೆ ಸುಮಾರು ಹದಿನಾಲ್ಕು ಸೆಕೆಂಡು ದೊರೆಯಿತು. ಒಂಬತ್ತರ ಎಣಿಕೆಗೆ ಎದ್ದು, ಕಾದಿ, ಪಂದ್ಯವನ್ನು ಗೆದ್ದನು. ಆ ನಾಲ್ಕೈದು ಸೆಕೆಂಡುಗಳ ವಿಷಯವಾಗಿ ನೂರು ವರ್ಷಗಳಿಂದ ಬರೆದ ಕಾಗದವನ್ನೆಲ್ಲ ಕೂಡಿಸಿದರೆ ಒಂದು ಗ್ರಂಥಭಂಡಾರವಾದೀತು. ನನ್ನ ಮಟ್ಟಿಗೆ ಟನಿಯ ಗೆಲವು ನ್ಯಾಯವಾದುದೇ; ಹೊಸ ನಿಯಮವನ್ನು ಅರಿತಿರುವುದೂ ವಿದ್ಯೆಯ ಒಂದು ಅಂಗ.

ನಿಯಮ ಬದಲಾದರೆ ಅದೇ ಇಬ್ಬರು ಮನುಷ್ಯರ ನಡುವಣ ಫಲಿತಾಂಶವೂ ಹೇಗೆ ಬದಲಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ದೃಷ್ಟಾಂತವಿದೆ. ಕುಸ್ತಿಯದಾದರೂ ಇಲ್ಲಿಯ ಶ್ರೋತೃಗಳಿಗೆ ಅದೇ ಹೆಚ್ಚು ಹತ್ತಿರವಾದೀತು. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಗಾಮಾ ಪೈಲ್ವಾನನು ಪೋಲೆಂಡಿನ ಸ್ಟಾನಿಸ್ಲಾಸ್ ಜ಼್ಬಿಸ್ಕೊನೊಡನೆ ಸೆಣಸಿದನು. ಮೆತ್ತನೆಯ ಮ್ಯಾಟು, ಪಾಶ್ಚಾತ್ಯ ಪದ್ಧತಿ. ಜ಼್ಬಿಸ್ಕೊನು ಕೆಳಗೆ ಕವುಚಿ ಬಿದ್ದು ನೆಲವನ್ನು ಅಪ್ಪಿಕೊಂಡು, ಎರಡೂವರೆ ಗಂಟೆಗೂ ಮಿಕ್ಕಿ ಹಾಗೆಯೇ ಕಾಲ ತಳ್ಳಿದನು. ಗಾಮಾನಿಗೆ ಅವನನ್ನು ಮಗುಚಿಹಾಕಲು ಆಗಲಿಲ್ಲ. ಪಂದ್ಯ ಸಮಬಲವಾಯಿತು. ಮರುವಾರ ಜ಼್ಬಿಸ್ಕೊನು ಕಣಕ್ಕೆ ಬರಲೇ ಇಲ್ಲವಾಗಿ ಪಟ್ಟ ಗಾಮಾನಿಗೆ ದಕ್ಕಿತು. 1928ರಲ್ಲಿ ಪಟಿಯಾಲೆಯಲ್ಲಿ ಅವರಿಬ್ಬರೂ ಮತ್ತೆ ಎದುರಾದರು. ಇಬ್ಬರಿಗೂ ಐವತ್ತರ ಆಸುಪಾಸಿನ ಪ್ರಾಯ. ಆದರೆ ಈ ಸಲ ಮಣ್ಣಿನ ಅಖಾಡ, ನಮ್ಮ ಪದ್ಧತಿ. ಒಂದು ನಿಮಿಷ ತುಂಬುವುದರೊಳಗೆ ಜ಼್ಬಿಸ್ಕೊನ ಬೆನ್ನು ಮಣ್ಣಿಗೆ ತಾಗಿತ್ತು.

ಹದಿನೆಂಟು ವರ್ಷಗಳಲ್ಲಿ ಗಾಮಾನು ಅಷ್ಟೊಂದು ಬಲಗೊಂಡನೆಂದು ಯಾರೂ ಹೇಳಲಾರರು. ಬದಲಾದುದು ನೆಲ. ಗೋಳೇಶ್ವರದ ಖಾಶಾಬಾ ಜಾಧವನ ಕಥೆಯಲ್ಲಿಯೂ ಇದೇ ಅಂಶವಿದೆ: ಕೊಲ್ಲಾಪುರದ ಮಣ್ಣಿನಲ್ಲಿ ಬೆಳೆದ ಆತನಿಗೆ 1948ರ ಲಂಡನ್ ಒಲಿಂಪಿಕ್ಕಿನಲ್ಲಿ ಮ್ಯಾಟಿನ ಪರಿಚಯವಿಲ್ಲದೆ ಆರನೆಯ ಸ್ಥಾನ, ಅದನ್ನು ಕಲಿತುಕೊಂಡು ಹೋದ ಮೇಲೆ 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕ. ಇಂದಿನ ನಮ್ಮ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿಯು 2020ರಲ್ಲಿ ದೆಹಲಿಯ ಏಷ್ಯನ್ ಪಂದ್ಯಾವಳಿಯಲ್ಲಿ 55 ಕಿಲೊ ವಿಭಾಗದ ಕಂಚನ್ನು ಗೆದ್ದುದು ಗ್ರೀಕೊ-ರೋಮನ್ ಪದ್ಧತಿಯಲ್ಲಿ. ಅಲ್ಲಿ ಸೊಂಟದ ಕೆಳಗೆ ಕೈಹಾಕುವುದೇ ನಿಷಿದ್ಧ. ನಮ್ಮ ಗರಡಿಯ ಪಟ್ಟುಗಳಲ್ಲಿ ಕಾಲಿಗೆ ಬೀಳುವ ಪಟ್ಟುಗಳೆಷ್ಟೆಂಬುದನ್ನು ಬಲ್ಲವರಿಗೆ, ಈ ಹುಡುಗನು ಏನೇನನ್ನು ಮರೆತು ಏನೇನನ್ನು ಕಲಿಯಬೇಕಾಯಿತೆಂಬುದು ತಿಳಿದೀತು. ಅವನನ್ನು ಜಾತ್ರೆಯ ಕಣದ ಹಳೆಯ ಹುಲಿಗಳೊಡನೆ ಹೋಲಿಸುವವರು ಇದನ್ನು ಗಮನಿಸತಕ್ಕದ್ದು.

ಹೀಗಿದ್ದರೂ ಮನುಷ್ಯನ ಕುತೂಹಲ ಸುಮ್ಮನಿರುವುದಿಲ್ಲ. ಸತ್ತವರನ್ನೂ ಮುದುಕರಾದವರನ್ನೂ ಯೌವನದಲ್ಲಿ ನಿಲ್ಲಿಸಿ ಕಾದಿಸಬೇಕೆಂಬ ಹಂಬಲಕ್ಕೆ 1967ರಲ್ಲಿ ಅಮೆರಿಕೆಯ ಮರ‍್ರಿ ವೊರೋನರ್ ಎಂಬ ಬಾನುಲಿ ವ್ಯವಹಾರಸ್ಥನು ಗಣಕಯಂತ್ರದ ನೆರವನ್ನು ಪಡೆದನು. ಹದಿನಾರು ಮಂದಿ ಹೆವಿವೇಯ್ಟ್ ವೀರರ ವೇಗ, ಹೊಡೆತ, ಸಹನೆ, ಗಾಯಗೊಳ್ಳುವ ಪ್ರವೃತ್ತಿ ಇವುಗಳನ್ನೆಲ್ಲ ಅಂಕಿಗಳಾಗಿ ಮಾಡಿ ಯಂತ್ರಕ್ಕೆ ಉಣಿಸಿ, ಅದು ಹೇಳಿದ ಫಲಿತಾಂಶಗಳನ್ನು ರೇಡಿಯೊದಲ್ಲಿ ನಿಜವಾದ ಪಂದ್ಯಗಳಂತೆ ವೀಕ್ಷಕವಿವರಣೆಯೊಡನೆ ಪ್ರಸಾರಮಾಡಿದನು. ಅಂತಿಮ ಪಂದ್ಯದಲ್ಲಿ ರಾಕಿ ಮಾರ್ಸಿಯಾನೊನು ಡೆಂಪ್ಸಿಯನ್ನು ಸೋಲಿಸಿದನಂತೆ. ಮುಹಮ್ಮದ್ ಅಲಿಯು ಅದಕ್ಕೂ ಮುಂಚೆಯೇ, ಎಂದೋ ಆಗಿಹೋದ ಜಿಮ್ ಜೆಫ್ರೀಸನಿಗೆ ಸೋತನಂತೆ. ಅಲಿ ಇದನ್ನು ಹಾಸ್ಯವೆಂದು ತೆಗೆದುಕೊಳ್ಳದೆ, ತನ್ನ ಮಾನಕ್ಕೆ ಹಾನಿಯಾಯಿತೆಂದು ಹತ್ತು ಲಕ್ಷ ಡಾಲರಿನ ದಾವೆಯನ್ನು ಹೂಡಿದನು. ನಡೆಯದ ಪಂದ್ಯದಲ್ಲಿ ಸೋತುದಕ್ಕೆ ನ್ಯಾಯಾಲಯಕ್ಕೆ ಹೋದ ಮಲ್ಲನು ಜಗತ್ತಿನಲ್ಲಿ ಅವನೊಬ್ಬನೇ ಇರಬೇಕು.

ದಾವೆ ರಾಜಿಯಲ್ಲಿ ಮುಗಿದು ಒಂದು ಚಲನಚಿತ್ರಕ್ಕೆ ದಾರಿಮಾಡಿತು. ವಿಯೆಟ್ನಾಂ ಯುದ್ಧಕ್ಕೆ ಸೈನಿಕನಾಗಿ ಹೋಗಲೊಲ್ಲದೆ 1967ರಲ್ಲಿ ಪಟ್ಟವನ್ನೂ ಪರವಾನಗಿಯನ್ನೂ ಕಳೆದುಕೊಂಡಿದ್ದ ಅಲಿ ಒಂದು ಕಡೆ. 1956ರಲ್ಲಿಯೇ ನಿವೃತ್ತನಾಗಿ ಮೈಬೆಳೆಸಿಕೊಂಡಿದ್ದ ಮಾರ್ಸಿಯಾನೊ, ಈ ಚಿತ್ರಕ್ಕೆಂದು ಮೈಯಿಳಿಸಿ, ಬೋಳಾಗುತ್ತಿದ್ದ ತಲೆಗೆ ಕೃತಕ ಕೂದಲನ್ನು ಹಾಕಿಕೊಂಡು, ಮತ್ತೊಂದು ಕಡೆ. 1969ರಲ್ಲಿ ಇಬ್ಬರೂ ಒಂದೊಂದು ನಿಮಿಷದ ಸುತ್ತುಗಳನ್ನು ಅನೇಕವಾಗಿ ಆಡಿ, ಬೇರೆ ಬೇರೆ ಮುಕ್ತಾಯಗಳನ್ನು ಅಭಿನಯಿಸಿ ಚಿತ್ರೀಕರಣವನ್ನು ಮುಗಿಸಿದರು. ಯಂತ್ರವು ಯಾವ ಮುಕ್ತಾಯವನ್ನು ಆರಿಸುವುದೆಂಬುದು ಅವರಿಗೂ ಗೊತ್ತಿರಲಿಲ್ಲ. ಅದೇ ವರ್ಷದ ಆಗಸ್ಟ್ 31ರಂದು ಮಾರ್ಸಿಯಾನೊ ವಿಮಾನಾಪಘಾತದಲ್ಲಿ ತೀರಿಕೊಂಡನು. 1970ರ ಜನವರಿಯಲ್ಲಿ ಅಮೆರಿಕೆಯ ಚಿತ್ರಮಂದಿರಗಳಲ್ಲಿ ಜನರು ಕಂಡುದು, ಹದಿಮೂರನೆಯ ಸುತ್ತಿನಲ್ಲಿ ಮಾರ್ಸಿಯಾನೊನ ಹೊಡೆತಕ್ಕೆ ಅಲಿ ನೆಲಕ್ಕುರುಳಿದ ಮುಕ್ತಾಯವನ್ನು. ಯುರೋಪಿನ ಪ್ರೇಕ್ಷಕರಿಗೆ ತೋರಿಸಿದುದು ಬೇರೊಂದನ್ನು: ಅಲ್ಲಿ ಮಾರ್ಸಿಯಾನೊನ ಮುಖದ ಗಾಯಗಳ ಕಾರಣದಿಂದ ಅಲಿಯೇ ಗೆದ್ದನು.

ಯಂತ್ರದ ನಿಷ್ಪಕ್ಷಪಾತವು ಸಮುದ್ರವನ್ನು ದಾಟುವಷ್ಟರಲ್ಲಿ ಹೀಗೆ ತಿರುವುಮುರುವಾಯಿತು. ಅಮೆರಿಕೆಯ ಯಂತ್ರವನ್ನು ತಯಾರಿಸಿದುದು ಅಲಬಾಮಾದಲ್ಲಿರಬೇಕು ಎಂದು ಅಲಿ ನಗೆಯಾಡಿದನೆಂದು ಹೇಳುತ್ತಾರೆ. ಕರಿಯರನ್ನು ಬಿಳಿಯರಿಂದ ಬೇರೆ ಕೂಡಿಸುತ್ತಿದ್ದ ನಾಡು ಅದು. ಗಣಕವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅಂಕಿಗಳನ್ನು ಕೊಟ್ಟವರು ಮನುಷ್ಯರು, ಅದರಲ್ಲಿಯೂ ಪತ್ರಿಕಾಬರಹಗಾರರು; ಮಾರ್ಸಿಯಾನೊನ ಧೈರ್ಯಕ್ಕೆ ಇಷ್ಟು, ಅಲಿಯ ಕಾಲ್ಚಳಕಕ್ಕೆ ಇಷ್ಟು ಎಂದು ಅಂಕ ಹಾಕುವಾಗಲೇ ಪಂದ್ಯ ಮುಗಿದುಹೋಗಿತ್ತು. ಜಾತ್ರೆಯ ಕಟ್ಟೆಯ ಮೇಲಿನ ವಸ್ತಾದರಾದರೋ ತಮ್ಮ ಪಕ್ಷಪಾತವನ್ನು ಬಚ್ಚಿಡುವುದಿಲ್ಲ.

ಈಗ ಅಂಕಿಗಳ ವಿಷಯ. ಮಾರ್ಸಿಯಾನೊ 49 ಪಂದ್ಯಗಳನ್ನು ಆಡಿದನು, 49ನ್ನೂ ಗೆದ್ದನು. ಒಮ್ಮೆಯೂ ಸೋಲದೆ ನಿವೃತ್ತನಾದ ಹೆವಿವೇಯ್ಟ್ ಚಾಂಪಿಯನ್ನನೆಂದು ಅವನ ಅಭಿಮಾನಿಗಳು ಈ ಸಂಖ್ಯೆಯನ್ನು ಮಂತ್ರದಂತೆ ಜಪಿಸುತ್ತಾರೆ. ಅಲಿ 56 ಗೆದ್ದು 5 ಸೋತನು. ಷುಗರ್ ರೇ ರಾಬಿನ್ಸನ್ನನು ಇನ್ನೂರು ಪಂದ್ಯಗಳನ್ನಾಡಿ ಹತ್ತೊಂಬತ್ತರಲ್ಲಿ ಸೋತನು. ಹೀಗೆಂದು ಕೂಡಿಸಿ ಕಳೆದು ಮಾರ್ಸಿಯಾನೊನನ್ನು ಮೇಲಿರಿಸುವುದು, ಕೈಮಗ್ಗದ ಇಳಕಲ್ಲ ಸೀರೆಯನ್ನೂ ವಿದ್ಯುನ್ಮಗ್ಗದ ಸೀರೆಯನ್ನೂ ಗಜಗಳಿಂದ ಅಳೆದು ಬೆಲೆ ಕಟ್ಟಿದಂತೆ. ಮಗ್ಗದ ಊರಿನ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಮಾರ್ಸಿಯಾನೊ 1951ರಲ್ಲಿ ಉರುಳಿಸಿದ ಜೋ ಲೂಯಿಗೆ ಆಗ 37 ವರ್ಷ; 1952ರಲ್ಲಿ ಅವನಿಗೆ ಸೋತು ಪಟ್ಟವನ್ನು ಕಳೆದುಕೊಂಡ ವಾಲ್ಕಾಟನಿಗೆ 38; ಕಡೆಯ ಪಂದ್ಯದ ಆರ್ಚಿ ಮೂರನೂ ನಾಲ್ವತ್ತರ ಸಮೀಪದವನು. ಅವನು ಯಾರನ್ನೂ ತಪ್ಪಿಸಿಕೊಳ್ಳಲಿಲ್ಲ, ಇದು ನಿಜ. ಆದರೆ ಕಾಲವು ಅವನಿಗೆ ಕೊಟ್ಟ ಎದುರಾಳಿಗಳು ಅಸ್ತಮಾನದ ಕಡೆಗೆ ಹೊರಟವರು.

ಸೋಲೆಂಬುದು ಅನೇಕ ವೇಳೆ ಹಿರಿಮೆಗೆ ಸಾಕ್ಷಿಯಾಗುತ್ತದೆ. ಜೋ ಲೂಯಿಯು 1936ರಲ್ಲಿ ಜರ್ಮನಿಯ ಷ್ಮೆಲಿಂಗನಿಂದ ಹನ್ನೆರಡನೆಯ ಸುತ್ತಿನಲ್ಲಿ ನೆಲಕ್ಕೆ ಬಿದ್ದನು. ಪಟ್ಟವನ್ನು ಗೆದ್ದ ಮೇಲೂ, ಆ ಜರ್ಮನನನ್ನು ಸೋಲಿಸುವ ತನಕ ತನ್ನನ್ನು ಚಾಂಪಿಯನ್ ಎಂದು ಕರೆಯಬೇಡಿರೆಂಬ ಭಾವವನ್ನು ಅವನು ಬಿಡಲಿಲ್ಲ. 1938ರ ಜೂನ್ 22ರಂದು ಆ ಕೆಲಸವನ್ನು ಎರಡು ನಿಮಿಷ ನಾಲ್ಕು ಸೆಕೆಂಡಿನಲ್ಲಿ ಮುಗಿಸಿದನು. ಪಟ್ಟವನ್ನು 25 ಸಲ ಕಾಪಾಡಿಕೊಂಡನು. ಅಲಿಯು 1971ರಲ್ಲಿ ಫ್ರೇಜ಼ಿಯರನಿಗೆ ಸೋತು, 1974ರಲ್ಲಿ ಅವನನ್ನು ಗೆದ್ದು, 1975ರಲ್ಲಿ ಮನಿಲಾದ ಬೇಗೆಯಲ್ಲಿ ಮೂರನೆಯ ಸಲ ಕಾದಿ, ಹದಿನಾಲ್ಕನೆಯ ಸುತ್ತು ಮುಗಿದ ಮೇಲೆ ಎದುರಾಳಿಯ ಗುರುವೇ ಶಿಷ್ಯನನ್ನು ತಡೆದುದರಿಂದ ಜಯಶಾಲಿಯಾದನು. ಆ ಮೂರು ಪಂದ್ಯಗಳಲ್ಲಿ ಫ್ರೇಜ಼ಿಯರನಿಲ್ಲದಿದ್ದರೆ ಅಲಿಯ ಸಹನೆಯ ಅಳತೆ ನಮಗೆ ಸಿಗುತ್ತಲೇ ಇರಲಿಲ್ಲ.

ರಾಬಿನ್ಸನ್ನನ ವಿಷಯದಲ್ಲಿ ಸ್ವಲ್ಪ ನಿಲ್ಲಲು ಅಪ್ಪಣೆಯಾಗಬೇಕು. ನಾಲ್ವತ್ತು ಪಂದ್ಯಗಳನ್ನು ಗೆದ್ದ ಮೇಲೆ, 1943ರ ಫೆಬ್ರವರಿ 5ರಂದು ತನಗಿಂತ ಭಾರದವನಾದ ಜೇಕ್ ಲಮೊಟ್ಟನಿಂದ ಅವನಿಗೆ ಮೊದಲ ಸೋಲು ಬಂದಿತು. ಆ ತಿಂಗಳು ಮುಗಿಯುವುದರೊಳಗೆ ಅದೇ ಲಮೊಟ್ಟನನ್ನು ಎದುರಿಸಿ ಗೆದ್ದನು. ಒಟ್ಟು ಆರು ಪಂದ್ಯಗಳಲ್ಲಿ ಐದು ಅವನವು. ಆ ಸೋಲಿನ ಅನಂತರ ಎಂಟು ವರ್ಷಕ್ಕೂ ಮಿಗಿಲಾಗಿ ಯಾರಿಗೂ ಸೋಲದೆ, 1951ರ ಜುಲೈಯಲ್ಲಿ ಲಂಡನ್ನಿನಲ್ಲಿ ಟರ್ಪಿನನಿಗೆ ಸೋತು, ಸೆಪ್ಟೆಂಬರಿನಲ್ಲಿ ಪಟ್ಟವನ್ನು ಮರಳಿ ಪಡೆದನು. 1952ರ ಜೂನಿನಲ್ಲಿ, ಇನ್ನೂ ಮೇಲಿನ ತೂಕದ ಪಟ್ಟಕ್ಕಾಗಿ ಜೋಯಿ ಮ್ಯಾಕ್ಸಿಮನೊಡನೆ ಕಾದುವಾಗ, ಅಂಕಗಳಲ್ಲಿ ಮುಂದಿದ್ದೂ ಸುಮಾರು 40 ಡಿಗ್ರಿ ಸೆಲ್ಸಿಯಸ್ ಸೆಕೆಯಿಂದ ಕುಸಿದು ಹದಿನಾಲ್ಕನೆಯ ಸುತ್ತಿಗೆ ಏಳಲಾರದೆ ಹೋದನು. ಪಂದ್ಯದ ನಿರ್ಣಾಯಕನಂತೂ ಅವನಿಗಿಂತ ಮೊದಲೇ ಸೆಕೆಗೆ ಬಳಲಿ ಬದಲಿಯನ್ನು ಬಿಟ್ಟುಹೋಗಿದ್ದನು. ತೂಕಕ್ಕೆ ತೂಕ ಇಟ್ಟು ನೋಡಿದರೆ ಎಲ್ಲರಲ್ಲಿ ಯಾರು ಮೇಲೆಂಬ ಲೆಕ್ಕವನ್ನು ಪತ್ರಿಕೆಗಳು ಈತನನ್ನು ಕುರಿತೇ ರೂಢಿಗೆ ತಂದವು. ಬೇರೆ ತೂಕದವರ ನಡುವೆ ಸಾಧ್ಯವಿರುವ ನ್ಯಾಯವಾದ ಹೋಲಿಕೆ ಅದೊಂದೇ.

ತೂಕವೆಂದೊಡನೆ ಇಂದಿನವರ ದೊಡ್ಡ ವಾದವೊಂದು ಎದ್ದುನಿಲ್ಲುತ್ತದೆ. ಮಾರ್ಸಿಯಾನೊನೂ ಡೆಂಪ್ಸಿಯೂ ಸುಮಾರು 85 ಕಿಲೊ ತೂಗುತ್ತಿದ್ದವರು. ಇಂದಿನ ಹೆವಿವೇಯ್ಟರು 110 ಕಿಲೊವನ್ನು ಸುಲಭವಾಗಿ ಮೀರುತ್ತಾರೆ. ಆ ಇಬ್ಬರೂ ಇಂದು ಕಣಕ್ಕಿಳಿದಿದ್ದರೆ 90.7 ಕಿಲೊ ಮಿತಿಯ ಕ್ರೂಸರ್‌ವೇಯ್ಟ್ ಎಂಬ ಕೆಳಗಿನ ವರ್ಗಕ್ಕೆ ಸೇರುತ್ತಿದ್ದರು. ಆದುದರಿಂದ ಹಳಬರು ಇಂದಿನವರ ಮುಂದೆ ಮಕ್ಕಳು, ಎನ್ನುತ್ತಾರೆ. ಈ ವಾದಕ್ಕೆ ಪೂರ್ಣವಾಗಿ ಮಣಿಯುವ ಮೊದಲು 1919ನ್ನು ನೆನೆಯುವುದು ಒಳ್ಳೆಯದು. ಆ ವರ್ಷ ಅದೇ ಡೆಂಪ್ಸಿಯು, ತನಗಿಂತ ಸುಮಾರು 26 ಕಿಲೊ ಭಾರದವನೂ ಆರೂವರೆ ಅಡಿ ಎತ್ತರದವನೂ ಆದ ಜೆಸ್ ವಿಲ್ಲರ್ಡನನ್ನು ಮೊದಲ ಸುತ್ತಿನಲ್ಲಿಯೇ ಏಳು ಸಲ ಕೆಡವಿದನು. ಹಳಬರ ಪರವಾಗಿ ಇನ್ನೊಂದು ಮಾತು: ಅವರು ಹದಿನೈದು ಸುತ್ತುಗಳಿಗೆ ಉಸಿರನ್ನು ಕೂಡಿಟ್ಟವರು. 1982ರಲ್ಲಿ ಕೊರಿಯದ ಕಿಮ್ ದುಕ್-ಕೂ ಎಂಬ ತರುಣನು ಹದಿನಾಲ್ಕು ಸುತ್ತು ಕಾದಿ ಪ್ರಾಣ ನೀಗಿದ ಮೇಲೆ ಪಟ್ಟದ ಪಂದ್ಯಗಳು ಹನ್ನೆರಡು ಸುತ್ತಿಗೆ ಇಳಿದವು. ಅದು ಆಗಬೇಕಾದುದೇ. ಆದರೆ ಮನಿಲಾದ ಅಲಿ ಫ್ರೇಜ಼ಿಯರರು ಯಾರೆಂಬುದು ಗೊತ್ತಾದದ್ದು ಹನ್ನೆರಡನೆಯ ಸುತ್ತಿನ ಅನಂತರವೇ ಎಂಬುದನ್ನು ಅಳೆಯುವವನು ಮರೆಯಬಾರದು.

ಎದುರಾಳಿಯೇ ಅಳತೆಗೋಲೆಂದು ಒಪ್ಪಿದ ಮೇಲೆ ಅಹಿತಕರವಾದ ಒಂದು ವಿಷಯವನ್ನೂ ಹೇಳಬೇಕಾಗುತ್ತದೆ. ಸಲಿವನ್ನನು ಕರಿಯರೊಡನೆ ಕಾದುವುದಿಲ್ಲವೆಂದು ಬಹಿರಂಗವಾಗಿಯೇ ಸಾರಿದ್ದನು. ಜ್ಯಾಕ್ ಜಾನ್ಸನ್ನನು 1908ರಲ್ಲಿ ಸಿಡ್ನಿಯಲ್ಲಿ ಟಾಮಿ ಬರ್ನ್ಸನನ್ನು ಸೋಲಿಸಿ ಕರಿಯರಲ್ಲಿ ಮೊದಲ ಹೆವಿವೇಯ್ಟ್ ಚಾಂಪಿಯನ್ನನಾದಾಗ, ಬಿಳಿಯರ ಮಾನವನ್ನು ಉಳಿಸಲೆಂದು ನಿವೃತ್ತನಾಗಿದ್ದ ಜೆಫ್ರೀಸನನ್ನು ಹೊಲದಿಂದ ಎಬ್ಬಿಸಿ ತಂದರು. 1910ರ ಜುಲೈ 4ರಂದು ರೀನೊ ಪಟ್ಟಣದಲ್ಲಿ ಅವನೂ ಬಿದ್ದನು. ಡೆಂಪ್ಸಿಯ ಕಾಲದಲ್ಲಿ ಹ್ಯಾರಿ ವಿಲ್ಸನೆಂಬ ಕರಿಯ ಮಲ್ಲನು ವರ್ಷಗಟ್ಟಲೆ ಬಾಗಿಲಲ್ಲಿ ಕಾದನು. ಕರಾರುಪತ್ರಗಳು ಆದವು, ಪಂದ್ಯ ಆಗಲಿಲ್ಲ. ಡೆಂಪ್ಸಿಯ ಭೀಕರವಾದ ಕೀರ್ತಿಯಲ್ಲಿ ಈ ಒಂದು ಪುಟ ಖಾಲಿಯಾಗಿ ಉಳಿದಿದೆ. ತಪ್ಪು ಯಾರದೇ ಆಗಿರಲಿ, ಖಾಲಿ ಪುಟಕ್ಕೆ ಅಂಕ ಕೊಡಲು ಬರುವುದಿಲ್ಲ. ಕಾಲವು ಬಾಗಿಲನ್ನು ಮುಚ್ಚುವ ಬಗೆ ಇನ್ನೊಂದುಂಟು. ಮಣಿಪುರದ ಮೇರಿ ಕೋಮ್ 2002ರಿಂದ 2010ರ ವರೆಗೆ ಐದು ಸಲ ವಿಶ್ವ ಚಾಂಪಿಯನ್ನಳಾದಳು. ಅಷ್ಟು ಕಾಲವೂ ಒಲಿಂಪಿಕ್ಕಿನಲ್ಲಿ ಸ್ತ್ರೀಯರ ಮುಷ್ಟಿಯುದ್ಧವೇ ಇರಲಿಲ್ಲ. 2012ರಲ್ಲಿ ಲಂಡನ್ನಿನಲ್ಲಿ ಅದು ಸೇರಿದಾಗ ಮೂರೇ ತೂಕಗಳನ್ನು ಇಟ್ಟರು; ಅವುಗಳಲ್ಲಿ ಅತಿ ಕಡಿಮೆಯದು 51 ಕಿಲೊ, ಆಕೆ ಪ್ರಶಸ್ತಿಗಳನ್ನು ಗೆದ್ದ ತೂಕಗಳಿಗಿಂತ ಹೆಚ್ಚು. ಇಬ್ಬರು ಮಕ್ಕಳ ತಾಯಿಯೂ ಆಗಿದ್ದ ಆಕೆ ತನಗಿಂತ ದೊಡ್ಡ ಮೈಯವರ ನಡುವೆ ನಿಂತು ಕಂಚನ್ನು ತಂದಳು. 2018ರಲ್ಲಿ ಆರನೆಯ ವಿಶ್ವಪ್ರಶಸ್ತಿಯನ್ನೂ ಗೆದ್ದಳು. ಒಲಿಂಪಿಕ್ ಚಿನ್ನವನ್ನು ಮಾತ್ರ ಎಣಿಸುವ ಪಟ್ಟಿಯಲ್ಲಿ ಈಕೆಗೆ ಸ್ಥಳವಿರದಿದ್ದರೆ ಆ ಪಟ್ಟಿಯನ್ನು ಹರಿದುಹಾಕಬಹುದು.

ಕಣ್ಣಾರೆ ಕಂಡು ನಿರ್ಣಯಿಸೋಣವೆಂದರೆ ಚಿತ್ರಸುರುಳಿಗಳೂ ಎಲ್ಲರಿಗೂ ದೊರೆತಿಲ್ಲ. ಹ್ಯಾರಿ ಗ್ರೆಬನೆಂಬವನು 1922ರಲ್ಲಿ ಟನಿಯನ್ನು ಸೋಲಿಸಿದನು. ಟನಿಗೆ ಜೀವಮಾನದಲ್ಲಿ ಒದಗಿದ ಸೋಲು ಅದೊಂದೇ. ಆ ಟನಿಯೇ ಮುಂದೆ ಡೆಂಪ್ಸಿಯನ್ನು ಎರಡು ಸಲ ಗೆದ್ದನು. ಆದರೆ ಗ್ರೆಬನು ಕಾದುತ್ತಿರುವ ಚಿತ್ರದ ಒಂದು ಅಂಗುಲವೂ ಇಂದು ಉಳಿದುಬಂದಿಲ್ಲ. ಒಂದು ಕಣ್ಣು ಕಾಣದ ಆ ಮನುಷ್ಯನ ವಿದ್ಯೆಯನ್ನು ನಾವು ಅವನ ಎದುರಾಳಿಗಳ ಮುಖಾಂತರವೇ ಊಹಿಸಬೇಕಾಗಿದೆ.

ಇಷ್ಟು ಹೇಳಿ ನನ್ನ ನಿರ್ಣಯವನ್ನು ಬಚ್ಚಿಟ್ಟುಕೊಂಡರೆ ನೀವು ಕ್ಷಮಿಸಲಾರಿರಿ. ಮೊದಲ ಸ್ಥಾನವನ್ನು ರಾಬಿನ್ಸನ್ನನಿಗೆ ಕೊಡುವೆನು. ಹೆವಿವೇಯ್ಟರಲ್ಲಿ ಅಲಿಗೆ ಮೊದಲನೆಯದು, ಕೂದಲೆಳೆಯ ಅಂತರದಲ್ಲಿ ಲೂಯಿಗೆ ಎರಡನೆಯದು. ಲಿಸ್ಟನ್, ಫ್ರೇಜ಼ಿಯರ್, ನಾರ್ಟನ್, ಫೋರ್‌ಮನ್ ಎಂಬ ಎದುರಾಳಿಗಳು ಲೂಯಿಗೆ ಒದಗಲಿಲ್ಲ ಎಂಬುದೇ ಕಾರಣ. ಇಪ್ಪತ್ತನೆಯ ವಯಸ್ಸಿಗೆ ಪಟ್ಟವೇರಿದ ಮೈಕ್ ಟೈಸನ್ನನ ಹೊಡೆತ ಎಲ್ಲರಿಗಿಂತ ಭಯಂಕರವಾಗಿದ್ದಿರಬಹುದು. ಸೋತು ಮತ್ತೆ ಅದೇ ಎದುರಾಳಿಯನ್ನು ಗೆದ್ದ ಪ್ರಸಂಗ ಅವನ ಚರಿತ್ರೆಯಲ್ಲಿ ಇಲ್ಲ. ಮಾರ್ಸಿಯಾನೊನನ್ನು ಇನ್ನೂ ಕೆಳಗೆ ಇಡುವೆನು. ಅವನಿಗಿಂತ ಮೇಲೆ, ಹೆವಿವೇಯ್ಟ್ ಪಟ್ಟಕ್ಕೆ ಕಾದುವ ಅವಕಾಶವನ್ನು ಒಮ್ಮೆಯೂ ಪಡೆಯದ ಸ್ಯಾಮ್ ಲ್ಯಾಂಗ್‌ಫರ್ಡನನ್ನು ಇಡುವೆನು. ಐದಡಿ ಏಳಂಗುಲದ ಆ ಕರಿಯನು ಹಗುರ ತೂಕದಲ್ಲಿ ಆರಂಭಿಸಿ, 1903ರಲ್ಲಿ ಆ ತೂಕದ ಚಾಂಪಿಯನ್ನನಾಗಿದ್ದ ಜೋ ಗಾನ್ಸನನ್ನು ಗೆದ್ದು, ತೂಕದಿಂದ ತೂಕಕ್ಕೆ ಏರುತ್ತ ಹೆವಿವೇಯ್ಟರೊಡನೆಯೂ ಕಾದಿದನು. 1906ರಲ್ಲಿ ಜಾನ್ಸನ್ನನು ತನಗಿಂತ ಬಹಳ ಹಗುರವಾಗಿದ್ದ ಅವನನ್ನು ಹದಿನೈದು ಸುತ್ತಿನಲ್ಲಿ ಸೋಲಿಸಿದನು. ತಾನು ಚಾಂಪಿಯನ್ನನಾದ ಮೇಲೆ ಮಾತ್ರ, ಅದೇ ಲ್ಯಾಂಗ್‌ಫರ್ಡನು ಎಷ್ಟು ಕರೆದರೂ ಮತ್ತೆ ಅವನೆದುರು ಬರಲಿಲ್ಲ. ಬಿಳಿಯರು ತನಗೆ ಮುಚ್ಚಿದ ಬಾಗಿಲನ್ನು ಜಾನ್ಸನ್ನನೇ ಮತ್ತೊಬ್ಬ ಕರಿಯನಿಗೆ ಮುಚ್ಚಿದನು. ನನ್ನ ಪಟ್ಟಿಯಲ್ಲಿ ಜಾನ್ಸನ್ನನ ಹೆಸರು ಲ್ಯಾಂಗ್‌ಫರ್ಡನ ಕೆಳಗಿರುವುದು ಇದೇ ಕಾರಣದಿಂದ. 1906ರ ಫಲಿತಾಂಶವನ್ನು ಮುಂದಿಟ್ಟು ಈ ಏರ್ಪಾಟನ್ನು ಖಂಡಿಸುವವರು ಈ ಸಭೆಯಲ್ಲಿಯೇ ಇದ್ದಾರೆಂದು ಅಧ್ಯಕ್ಷರು ಆಗಲೇ ನನಗೆ ಸೂಚನೆ ಕೊಟ್ಟಿದ್ದಾರೆ. ಅವರು ಈಗ ಮಾತನಾಡಬಹುದು.